ದೊಡ್ಡ ಕ್ಯಾಸೆಟ್, ಚಿಕ್ಕ ಕ್ಯಾಸೆಟ್

ಅವನು ತೂಕ ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ನೆಟ್ಟಗಿದೆಯಾ, ತೂಕದ ಬಟ್ಟಿನ ತಳ ಕೊರೆದಿದ್ದಾರಾ ಅಂತ ನೋಡಿ ಮುದ್ರೆ ಒತ್ತುವುದು ಅವನ ಕೆಲಸ. ಕಟ್ಟಡದವರೆಲ್ಲ ಅವನನ್ನು ‘ತಕ್ಕಡಿ’ ಅನ್ನುತ್ತಿದ್ದರು. ಬರೀ ಕೆಲಸದಿಂದ ಬಂದ ಹೆಸರಲ್ಲ ಅದು. ಒಂದು ಛತ್ರಿ ಕೊಳ್ಳಬೇಕಾದರೂ ನಾಲ್ಕು ಅಂಗಡಿ ಸುತ್ತಿ, ಬಿಚ್ಚಿ ಮುಚ್ಚಿ, ಕಡ್ಡಿ ಎಣಿಸಿ, ಕೊನೆಗೆ ಬರಿಗೈಯಲ್ಲಿ ತೊಯ್ದು ತೊಪ್ಪೆಯಾಗಿ ಮನೆಗೆ ಬರುವ ಆಸಾಮಿ.

ಹೆಂಡತಿ ಇದಕ್ಕೆ ತದ್ವಿರುದ್ಧ. ಶಾಲೆಯ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಮೇಜು ಅವಳದು. ಪದರದ ಮೇಲೆ ಪದರ ಹಾಸಿದ ನೀಲಿ ಬಟ್ಟೆಯ ಮೇಲೆ ಗೆರೆ ಎಳೆದು ಕತ್ತರಿ ಹಾಕಿದರೆ ಮುಗೀತು. ಅಲ್ಲಿ ‘ನೋಡೋಣ, ಯೋಚನೆ ಮಾಡೋಣ’ ಅಂತ ನಿಂತರೆ ಹಿಂದಿನ ಸಾಲಿನ ಹೊಲಿಗೆ ಯಂತ್ರಗಳೆಲ್ಲ ಖಾಲಿ ಕೂರುತ್ತವೆ. ಇಂಥವಳಿಗೆ ಅಂಥವನು ಗಂಟುಬಿದ್ದಿದ್ದ.

ಮನೆಯಲ್ಲಿ ಮೂರನೆಯವರು ಅವಳ ಮಾವ, ಅಂದರೆ ಅವನ ಅಪ್ಪ. ಆಯುಷ್ಯವೆಲ್ಲ ಸಿನಿಮಾ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವರು. ಪ್ರೊಜೆಕ್ಟರಿನ ಪಕ್ಕ, ಆ ಸುಡುವ ಗೂಡಿನಲ್ಲಿ, ನಿಂತೂ ನಿಂತೂ ಅವರ ಮಂಡಿ ಸವೆದಿತ್ತು. ನಿವೃತ್ತಿಯಾದ ಮೇಲೂ ವಾರಕ್ಕೊಂದು ಸಿನಿಮಾ ನೋಡದಿದ್ದರೆ ಅವರಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಆದರೆ ಮೂರನೆಯ ಮಹಡಿಯಿಂದ ಇಳಿಯುವುದೇ ಕಷ್ಟವಾದಾಗ ಅದೂ ನಿಂತುಹೋಯಿತು.

ಅದೇ ಸಮಯಕ್ಕೆ ಕೆಳಗಿನ ಮನೆಯ ಔಷಧಿ ಅಂಗಡಿಯವನು ವಿಡಿಯೊ ಪ್ಲೇಯರ್ ತಂದ. ಭಾನುವಾರ ಮಧ್ಯಾಹ್ನ ಸಿನಿಮಾದ ಸದ್ದು ನೆಲ ತೂರಿಕೊಂಡು ಮೇಲೆ ಬರುತ್ತಿತ್ತು. ಮಾವ ಕುರ್ಚಿಯನ್ನು ಸದ್ದು ಚೆನ್ನಾಗಿ ಕೇಳುವ ಮೂಲೆಗೆ ಎಳೆದುಕೊಂಡು ಕೂರುತ್ತಿದ್ದರು.

“ಈಗ ಕಳ್ಳ ಗೋಡೆ ಹಾರಿದ ನೋಡಮ್ಮ,” ಅಂದರು ಒಂದು ದಿನ.

“ನಿಮಗೆ ಹೇಗೆ ಗೊತ್ತಾಯ್ತು ಮಾವ?”

“ನಾಯಿ ಬೊಗಳ್ತಲ್ಲ.”

ಸೊಸೆಗೆ ನಗು ಬಂತು. ಆಮೇಲೆ ಆ ನಗು ಹೋಯಿತು. ಜೀವಮಾನವಿಡೀ ಊರಿಗೆಲ್ಲ ಸಿನಿಮಾ ತೋರಿಸಿದ ಮನುಷ್ಯ ಈಗ ಬೇರೆಯವರ ಮನೆಯ ಸಿನಿಮಾವನ್ನು ನೆಲಕ್ಕೆ ಕಿವಿಗೊಟ್ಟು ಕೇಳಬೇಕಾ? ಸಂಜೆ ಗಂಡ ಬರುತ್ತಲೇ ಹೇಳಿದಳು: “ರೀ, ನಾವೂ ಒಂದು ವಿಡಿಯೊ ತಗೊಳ್ಳೋಣ. ಮಾವನಿಗೆ.”

ಅವನು ಬೇಡ ಅನ್ನಲಿಲ್ಲ. ತೊಂದರೆ ಆಗಿದ್ದೇ ಅಲ್ಲಿ. ಬೇಡ ಅಂದಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. “ಖಂಡಿತ ತಗೊಳ್ಳೋಣ. ಆದ್ರೆ ಸರಿಯಾಗಿ ವಿಚಾರಿಸಿ ತಗೊಳ್ಳೋಣ,” ಅಂದ.

ಆಗ ಪೇಟೆಯಲ್ಲಿ ಎರಡು ಬಗೆಯ ಪ್ಲೇಯರ್ ಇದ್ದವು. ಒಂದಕ್ಕೆ ದೊಡ್ಡ ಕ್ಯಾಸೆಟ್, ಇನ್ನೊಂದಕ್ಕೆ ಚಿಕ್ಕದು. ಎರಡೂ ಬೇರೆ ಬೇರೆ ಕಂಪನಿಯವರ ಕೂಸು. ಇದರದ್ದು ಅದರೊಳಗೆ ಹೋಗುವುದಿಲ್ಲ, ಅದರದ್ದು ಇದರೊಳಗೆ ಕೂರುವುದಿಲ್ಲ. ಅತ್ತೆ ಸೊಸೆಯರ ಹಾಗೆ ಒಂದೇ ಸೂರಿನಡಿ ಇದ್ದರೂ ಮಾತುಕತೆ ಇಲ್ಲ. ಬೆಲೆಯೋ, ಅಗ್ಗದ್ದು ಅಂದರೂ ಗಂಡಹೆಂಡತಿ ಇಬ್ಬರ ಸಂಬಳ ಸೇರಿಸಿ ತಿಂಗಳುಗಟ್ಟಲೆ ಕೂಡಿಡಬೇಕಾದಷ್ಟು.

ಇಬ್ಬರೂ ಅಂಗಡಿಗೆ ಹೋದರು. ಸೇಲ್ಸ್‌ಮನ್ ಎರಡನ್ನೂ ಅಕ್ಕಪಕ್ಕ ಇಟ್ಟು ಒಂದೇ ಹೂದೋಟದ ದೃಶ್ಯ ಹಾಕಿ ತೋರಿಸಿದ. ಗಂಡ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಬಗ್ಗಿ, ಹಿಂದೆ ಸರಿದು ನೋಡಿದ.

“ಚಿಕ್ಕದರಲ್ಲಿ ಎಲೆಯ ನರ ಕಾಣುತ್ತೆ ಕಣೇ.”

“ಎಲೆಯ ನರ ಕಟ್ಕೊಂಡು ಏನ್ಮಾಡ್ತೀರಿ? ಸಿನಿಮಾ ಎಷ್ಟು ಹೊತ್ತು ಬರುತ್ತೆ ಕೇಳಿ.”

ಸೇಲ್ಸ್‌ಮನ್ ಮೂಗು ಕೆರೆದುಕೊಂಡ. “ಚಿಕ್ಕದರಲ್ಲಿ ಟೇಪು ಸ್ವಲ್ಪ ಕಮ್ಮಿ ಮೇಡಂ. ಉದ್ದದ ಸಿನಿಮಾ ಆದರೆ ಎರಡು ಕ್ಯಾಸೆಟ್ ಆಗುತ್ತೆ. ಆದ್ರೆ ಕ್ವಾಲಿಟಿ ಅಂದ್ರೆ ಕ್ವಾಲಿಟಿ.”

“ದೊಡ್ಡದರ ಬೆಲೆ ಇಳಿಯುತ್ತೇನಪ್ಪಾ?” ಗಂಡ ಕೇಳಿದ.

“ಇಳಿದರೂ ಇಳಿಯಬಹುದು ಸಾರ್.”

ಅಷ್ಟೇ ಸಾಕಾಯಿತು. ‘ಇಳಿಯಬಹುದು’ ಅನ್ನುವ ಒಂದು ಮಾತನ್ನು ಅವನು ಕಿವಿಯಲ್ಲಿಟ್ಟುಕೊಂಡು ಮನೆಗೆ ಬಂದ. ಮುಂದಿನ ಕೆಲವು ತಿಂಗಳಲ್ಲಿ ಬೆಲೆ ನಿಜಕ್ಕೂ ಇಳಿಯಿತು. ಅದೇ ದೊಡ್ಡ ಅನಾಹುತವಾಯಿತು.

“ನೋಡಿದ್ಯಾ? ಅವತ್ತೇ ತಗೊಂಡಿದ್ರೆ ಎಷ್ಟು ದಂಡ ಆಗ್ತಿತ್ತು!” ಕೊಳ್ಳದೇ ಇದ್ದದ್ದನ್ನೇ ಒಂದು ಸಂಪಾದನೆ ಅನ್ನುವ ಹಾಗೆ ಅವನು ಬೀಗಿದ.

“ಸರಿ. ಈಗ ಇಳಿದಿದೆಯಲ್ಲ, ಹೋಗೋಣ ನಡೀರಿ.”

“ಇಳಿಯೋಕೆ ಶುರುವಾಗಿದೆ ಅಂದ್ರೆ ಇನ್ನೂ ಇಳಿಯುತ್ತೆ. ಇಷ್ಟು ಕಾದವರು ಇನ್ನೂ ಸ್ವಲ್ಪ ಕಾಯೋಣ.”

ಆಮೇಲೊಮ್ಮೆ ಬೆಲೆ ಏರಿತು. ಆಗ, “ಏರಿದ್ದು ಇಳಿಯಲೇಬೇಕು,” ಅಂದ. ಸ್ವಲ್ಪ ದಿನ ಅಲುಗದೆ ನಿಂತಿತು. ಆಗ, “ಎರಡು ಕಂಪನಿ ಜಗಳ ಆಡ್ತಿವೆ. ಯಾವುದು ಗೆಲ್ಲುತ್ತೆ ನೋಡಿಕೊಂಡು ತಗೊಳ್ಳೋದು ಜಾಣತನ,” ಅಂದ. ಮೀನ ಮೇಷ ಎಣಿಸುತ್ತಾ ಒಂದು ವರ್ಷ ದಾಟಿ ಎರಡನೆಯದಕ್ಕೆ ಬಿತ್ತು. ಮಾವ ಏನೂ ಕೇಳುತ್ತಿರಲಿಲ್ಲ. ಭಾನುವಾರ ಬಂದರೆ ಕುರ್ಚಿ ಮೂಲೆಗೆ ಎಳೆಯುವ ಸದ್ದು ಮಾತ್ರ ಕೇಳುತ್ತಿತ್ತು. ಆ ಕರ್ ಕರ್ ಸದ್ದು ಕೇಳಿದರೆ ಸೊಸೆಗೆ ಹಲ್ಲು ಜುಮ್ಮೆನ್ನುತ್ತಿತ್ತು.

ತಮಾಷೆಯೆಂದರೆ, ಒಂದು ಪ್ಲೇಯರನ್ನೂ ಕೊಳ್ಳದೆ ಅವನು ಬೀದಿಗೆಲ್ಲ ಪ್ಲೇಯರ್ ಪಂಡಿತನಾಗಿಬಿಟ್ಟ. ಕಚೇರಿಯವರು ಕೇಳುತ್ತಿದ್ದರು, ಮೆಟ್ಟಿಲಲ್ಲಿ ಸಿಕ್ಕವರು ಕೇಳುತ್ತಿದ್ದರು. ಅವನ ತಂಗಿಯ ಗಂಡನಂತೂ ಮನೆಗೇ ಬಂದು ಕೇಳಿದ. “ಭಾವ, ತಗೊಳ್ಳೋದು ಅಂತ ತೀರ್ಮಾನ ಆಗಿದೆ. ದೊಡ್ಡದಾ, ಚಿಕ್ಕದಾ?”

“ಕಣ್ಣಿದ್ದವನು ಚಿಕ್ಕದೇ ತಗೊಳ್ಳೋದು,” ಅಂದ ತಕ್ಕಡಿ, ಮುದ್ರೆ ಒತ್ತಿದ ಹಾಗೆ. “ಒಳ್ಳೇ ಮಾಲು ಯಾವತ್ತೂ ಸೋಲಲ್ಲ.”

ಹೆಂಡತಿಗೆ ತಡೆಯಲಾಗಲಿಲ್ಲ. “ಹಾಗಿದ್ರೆ ನೀವು ಯಾಕೆ ತಗೊಂಡಿಲ್ಲ?”

“ಅವರಿಗೆ ಅರ್ಜೆಂಟ್ ಇದೆ. ನಮಗೆ ಇಲ್ಲ.”

ನಾದಿನಿಯ ಮನೆಗೆ ಚಿಕ್ಕ ಕ್ಯಾಸೆಟ್ಟಿನ ಪ್ಲೇಯರ್ ಬಂತು. ಕೆಲವು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಅವರ ಬೀದಿಯ ಕ್ಯಾಸೆಟ್ ಲೈಬ್ರರಿಯಲ್ಲಿ ಚಿಕ್ಕ ಕ್ಯಾಸೆಟ್ಟಿನ ಕಪಾಟು ಸೊರಗುತ್ತಾ ಬಂತು. ಮೊದಲು ಹೊಸ ಸಿನಿಮಾ ಬರುವುದು ನಿಂತಿತು, ಆಮೇಲೆ ಹಳೆಯವೂ ಮಾಯವಾದವು. ಎಲ್ಲ ಮನೆಯವರೂ ದೊಡ್ಡದನ್ನೇ ಕೇಳುವಾಗ ಲೈಬ್ರರಿಯವನಾದರೂ ಎಲೆಯ ನರ ನೋಡಿಕೊಂಡು ಹೊಟ್ಟೆ ಹೊರೆಯುತ್ತಾನಾ?

ಒಂದು ಶನಿವಾರ ನಾದಿನಿ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದಳು. ಕಂಕುಳಲ್ಲಿ ಚಾದರದಲ್ಲಿ ಸುತ್ತಿದ ಮೂಟೆ. ಅದನ್ನು ಊಟದ ಮೇಜಿನ ಮೇಲೆ ದೊಪ್ಪನೆ ಇಟ್ಟಳು.

“ತಗೋ ಅಣ್ಣ. ನಿನ್ನ ಎಲೆ, ನಿನ್ನ ನರ, ಎರಡೂ ನೀನೇ ಇಟ್ಕೋ. ನಮ್ಮನೇಲಿ ಇದರ ಮೇಲೆ ಹೂದಾನಿ ಇಟ್ಟಿದ್ವಿ. ಇವರು ನಿನ್ನೆ ದೊಡ್ಡದು ತಂದ್ರು. ಎರಡೆರಡು ಸಲ ದುಡ್ಡು ಸುರಿದಿದೀವಿ, ಗೊತ್ತಾ?”

“ಪಿಕ್ಚರ್ ಚೆನ್ನಾಗಿಲ್ಲ ಅಂತೀಯಾ?” ಅವನು ಕೇಳಿದ.

“ಪಿಕ್ಚರ್ ಇದ್ರೆ ತಾನೆ ಚೆನ್ನಾಗಿರೋದು! ಅತ್ತಿಗೆ, ನೀವು ಇವನ ಜೊತೆ ಹೇಗೆ ಬಾಳ್ತಿದ್ದೀರೋ, ನಿಮಗೊಂದು ದೊಡ್ಡ ನಮಸ್ಕಾರ.” ನೀರನ್ನೂ ಕುಡಿಯದೆ ಇಳಿದು ಹೋದಳು.

ತಂಗಿ ಬೈದದ್ದಕ್ಕಿಂತ ಪುಕ್ಕಟೆ ಪ್ಲೇಯರ್ ಸಿಕ್ಕಿದ್ದೇ ಅವನಿಗೆ ದೊಡ್ಡದಾಗಿ ಕಂಡಿತು. “ನೋಡು, ಕಾದದ್ದಕ್ಕೆ ಮನೆ ಬಾಗಿಲಿಗೇ ಬಂತು,” ಅಂದ. ಹೆಂಡತಿ ಒಳಗೆ ಹೋದಳು. ಪಾತ್ರೆಗಳ ಸದ್ದು ಜೋರಾಯಿತು.

ಪ್ಲೇಯರ್ ಬಂತು, ಕ್ಯಾಸೆಟ್ ಎಲ್ಲಿ? ಮೂಟೆಯ ಜೊತೆ ಬಂದದ್ದು ಎರಡೇ. ಒಂದು ನಾದಿನಿಯ ಮಗಳ ಶಾಲೆಯ ನಾಟಕದ್ದು. ಇನ್ನೊಂದು ಯಾವುದೋ ಪತ್ತೇದಾರಿ ಸಿನಿಮಾದ ಮೊದಲ ಭಾಗ. ಮಾವ ಆ ಮೊದಲ ಭಾಗವನ್ನು ಮೂರು ಸಲ ನೋಡಿದರು. ಶ್ರೀಮಂತನ ಕೊಲೆಯಾಗುತ್ತದೆ, ಪತ್ತೇದಾರ ಬರುತ್ತಾನೆ, ಮನೆಯವರನ್ನೆಲ್ಲ ಹಾಲ್‌ನಲ್ಲಿ ಕೂರಿಸುತ್ತಾನೆ, ಅಲ್ಲಿಗೆ ಟೇಪು ಮುಗಿಯುತ್ತದೆ.

“ಕೊಂದದ್ದು ಅಡುಗೆಯವನು ಅನ್ಸುತ್ತೆ,” ಅಂದರು ಮಾವ ಮೊದಲ ದಿನ. ಎರಡನೆಯ ದಿನ ಅನುಮಾನ ಅಳಿಯನ ಮೇಲೆ ಹೋಯಿತು. ಮೂರನೆಯ ದಿನ, “ಯಾರಾದ್ರೂ ಕೊಂದಿರಲಿ ಬಿಡಮ್ಮ, ಸತ್ತವನೇನು ಎದ್ದು ಬರ್ತಾನಾ,” ಅಂದು ಟಿವಿ ಆರಿಸಿದರು.

ಎರಡನೆಯ ಭಾಗವನ್ನು ಹುಡುಕಿಕೊಂಡು ಸೊಸೆ ಕಾರ್ಖಾನೆ ಬಿಟ್ಟ ಮೇಲೆ ಲೈಬ್ರರಿಯಿಂದ ಲೈಬ್ರರಿಗೆ ಅಲೆದಳು. ದಿನವಿಡೀ ಕತ್ತರಿ ಹಿಡಿದ ಕೈ ನೋಯುತ್ತಿತ್ತು, ನಿಂತ ಕಾಲು ಊದಿಕೊಂಡಿತ್ತು. ಒಬ್ಬ ಲೈಬ್ರರಿಯವನು ಚಿಕ್ಕ ಕ್ಯಾಸೆಟ್ ಅನ್ನುವ ಮಾತು ಕೇಳಿಯೇ ನಕ್ಕ. ಇನ್ನೊಬ್ಬ ಅಟ್ಟದ ಮೇಲಿಂದ ಧೂಳು ಹಿಡಿದ ರಟ್ಟಿನ ಪೆಟ್ಟಿಗೆ ಇಳಿಸಿದ. ಅದರಲ್ಲಿದ್ದದ್ದು ಬೊಜ್ಜು ಕರಗಿಸುವ ವ್ಯಾಯಾಮ, ದೋಣಿ ರಿಪೇರಿಯ ಪಾಠ ಮತ್ತು ಮಕ್ಕಳ ಕಾರ್ಟೂನು.

“ದೋಣಿ ತಗೊಂಡು ಹೋಗಿ ಮೇಡಂ, ಪಿಕ್ಚರ್ ತುಂಬಾ ಕ್ಲಿಯರ್,” ಅಂದ ಅವನು.

ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಅವನು ನಿಜವಾಗಿಯೇ ಸಹಾಯ ಮಾಡುತ್ತಿದ್ದ. ಆದರೆ ಆ ಕ್ಷಣ ಅವಳಿಗೆ ಲೈಬ್ರರಿಯವನ ಮೇಲೆ, ಗಂಡನ ಮೇಲೆ, ಎರಡೂ ಕಂಪನಿಗಳ ಮೇಲೆ, ಒಟ್ಟಿಗೆ ಸಿಟ್ಟು ನೆತ್ತಿಗೇರಿತು. ಈ ಕಂಪನಿಯವರಿಬ್ಬರೂ ಮೊದಲೇ ಒಂದು ಕಡೆ ಕೂತು ಒಂದೇ ಅಳತೆಯ ಡಬ್ಬಿ ಮಾಡಿದ್ದರೆ ಇವರ ಗಂಟೇನು ಹೋಗುತ್ತಿತ್ತು? ತನ್ನ ಕಾರ್ಖಾನೆಯಲ್ಲಿ ಇಷ್ಟು ಶಾಲೆಗಳಿಗೆ ಅಂಗಿ ಹೊಲಿಯುತ್ತಾರೆ. ಒಂದು ಶಾಲೆಯ ಗುಂಡಿ ಇನ್ನೊಂದು ಶಾಲೆಯ ಕಾಜಕ್ಕೆ ಹೋಗದ ಹಾಗೆ ಹೊಲಿದರೆ ಯಾವ ತಾಯಿ ಸುಮ್ಮನಿರುತ್ತಾಳೆ?

ಮರುದಿನ ಮೇಲ್ವಿಚಾರಕಿಗೆ ಹೇಳಿ ಅರ್ಧ ದಿನ ರಜೆ ಹಾಕಿದಳು. ಹೆಚ್ಚುವರಿ ಪಾಳಿ ಮಾಡಿ ಕೂಡಿಸಿದ್ದನ್ನು ಬ್ಯಾಂಕಿನಿಂದ ತೆಗೆದುಕೊಂಡು ನೆಟ್ಟಗೆ ಅಂಗಡಿಗೆ ಹೋದಳು. ಅದೇ ಸೇಲ್ಸ್‌ಮನ್ ಇದ್ದ.

“ಸಾರ್ ಬಂದಿಲ್ವಾ?”

“ಇಲ್ಲ. ಅದಕ್ಕೇ ಇವತ್ತು ವ್ಯಾಪಾರ ಆಗುತ್ತೆ. ದೊಡ್ಡ ಕ್ಯಾಸೆಟ್‌ದು, ಗಟ್ಟಿಮುಟ್ಟಾದ್ದು ಒಂದು ಕೊಡಿ.”

ಸೇಲ್ಸ್‌ಮನ್‌ಗೆ ಅಭ್ಯಾಸಬಲ. “ಮೇಡಂ, ಇದರಲ್ಲೇ ಹೊಸ ಮಾಡೆಲ್ ಬರೋ ತಿಂಗಳು ಬರುತ್ತೆ. ಆಮೇಲೆ ಡಿಸ್ಕಿನ ಪ್ಲೇಯರ್ ಕೂಡ ಬರುತ್ತಂತೆ, ತಟ್ಟೆ ಥರ, ಟೇಪೇ ಇರಲ್ವಂತೆ. ಸಾರ್‌ಗೆ ಹೇಳಿದ್ದೆ...”

“ಏನಪ್ಪಾ, ನೀನು ಮಾರೋಕೆ ಕೂತಿದ್ದೀಯೋ, ಮಾರದೇ ಇರೋಕೆ ಕೂತಿದ್ದೀಯೋ?” ಅವಳ ದನಿ ಏರಿತು. ಪಕ್ಕದಲ್ಲಿ ಇಸ್ತ್ರಿಪೆಟ್ಟಿಗೆ ನೋಡುತ್ತಿದ್ದವರು ತಿರುಗಿ ನೋಡಿದರು. “ತಟ್ಟೆಯಾದ್ರೂ ಬರಲಿ, ಲೋಟವಾದ್ರೂ ಬರಲಿ. ನಮ್ಮ ಮಾವ ಇವತ್ತು ಸಂಜೆ ಸಿನಿಮಾ ನೋಡಬೇಕು. ಕಟ್ಟು.”

ಅವನು ಕಟ್ಟಿದ.

ಮೆಟ್ಟಿಲ ಬುಡದಲ್ಲಿ ಔಷಧಿ ಅಂಗಡಿಯವನು ಸಿಕ್ಕಿ ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದ. ಮೇಲೆ ಬಂದು ತಂತಿಗಳನ್ನೂ ಅವನೇ ಸಿಕ್ಕಿಸಿಕೊಟ್ಟ, ತನ್ನ ಮನೆಯಿಂದ ಒಂದು ಸಿನಿಮಾ ತಂದುಕೊಟ್ಟ. ಮಾವ ಕಿಟಕಿಯ ಪರದೆ ಎಳೆಸಿ, ದೀಪ ಆರಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು. ಚಿತ್ರ ಮೂಡಿದಾಗ ಅವರ ಕೈ ತಂತಾನೇ ಎದ್ದು ಗಾಳಿಯಲ್ಲಿ ಏನನ್ನೋ ತಿರುಗಿಸಿತು.

“ಫೋಕಸ್,” ಅಂದು ನಾಚಿಕೊಂಡು ಕೈ ಇಳಿಸಿದರು. “ಇಲ್ಲಿ ನಾನೇನೂ ಮಾಡೋದಿಲ್ಲ ಅಲ್ವಾ?”

“ಏನೂ ಮಾಡೋದಿಲ್ಲ ಮಾವ. ಸುಮ್ನೆ ನೋಡೋದು.”

ಗಂಡ ಬಾಗಿಲು ತೆಗೆದಾಗ ಸಿನಿಮಾ ಅರ್ಧ ಆಗಿತ್ತು. ಕತ್ತಲೆಯಲ್ಲಿ ಮೊದಲು ಅಪ್ಪನ ಮುಖ ಕಂಡಿತು, ಆಮೇಲೆ ಟಿವಿಯ ಕೆಳಗಿದ್ದ ಹೊಸ ಪೆಟ್ಟಿಗೆ.

“ಇದೇನು?”

“ಪ್ಲೇಯರ್.”

“ಅದು ಗೊತ್ತು. ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?”

“ಎರಡು ವರ್ಷದಿಂದ ಬೇರೆ ಏನು ಕೇಳಿದೀನಿ? ಕೇಳಿ ಕೇಳಿ ಕಿವಿ ತೂತು ಬಿದ್ದಿದೆ.”

ಅವನು ಅಡುಗೆಮನೆಗೆ ಹೋಗಿ ಟಿವಿಗೆ ಬೆನ್ನು ಹಾಕಿ ಊಟ ಮಾಡಿದ. ಮರುದಿನವೂ ಹಾಗೇ. ವಾರವಿಡೀ ಹಾಗೇ. ಲೈಬ್ರರಿಯಿಂದ ದಿನಕ್ಕೊಂದು ಕ್ಯಾಸೆಟ್ ತರುವುದು, ಹಿಂದಿರುಗಿಸುವುದು ಎಲ್ಲ ಅವಳ ತಲೆಗೇ ಬಿತ್ತು. ನಡುವೆ ಒಮ್ಮೆ ನಗುವಿನ ದೃಶ್ಯ ಬಂದು ಮಾವ ಗಹಗಹಿಸಿ ನಕ್ಕಾಗ, ಅಡುಗೆಮನೆಯ ಬಾಗಿಲಲ್ಲಿ ಅವನ ನೆರಳು ಒಂದು ಗಳಿಗೆ ನಿಂತು ಹೋದದ್ದು ಅವಳಿಗೆ ಕಂಡಿತು. ಕಂಡರೂ ಕಾಣದ ಹಾಗೆ ಇದ್ದಳು.

ಮುಂದಿನ ಭಾನುವಾರ ಬೆಳಿಗ್ಗೆ ಅವನು ಪತ್ರಿಕೆಯನ್ನು ಮಡಿಸಿ ಅವಳ ಕಾಫಿ ಲೋಟದ ಪಕ್ಕ ಇಟ್ಟ. ಅವಳು ಕೊಂಡ ಅದೇ ಪ್ಲೇಯರಿನ ಜಾಹೀರಾತು. ಬೆಲೆ ಅವಳು ಕೊಟ್ಟದ್ದಕ್ಕಿಂತ ಎಷ್ಟೋ ಕಡಿಮೆ. ಜೊತೆಗೆ ಮೂರು ಕ್ಯಾಸೆಟ್ ಉಚಿತ.

ಅವಳು ಬೆಲೆಯನ್ನು ಎರಡು ಸಲ ಓದಿದಳು. ಹಾಳಾದ ಕಂಪನಿಗಳು ಒಂದು ವಾರ ತಡೆಯಬಾರದಿತ್ತಾ? ಅಥವಾ ಒಂದು ವಾರ ಮೊದಲೇ ಇಳಿಸಿ ಸಾಯಬಾರದಿತ್ತಾ? ಗಂಡನ ಮುಖದಲ್ಲಿ ಇನ್ನೇನು ಉಕ್ಕಲಿದ್ದ ನಗುವನ್ನು ಕಂಡಾಗ ಮಾತ್ರ ತಡೆದುಕೊಳ್ಳಲಾಗಲಿಲ್ಲ.

“ನಗಿ, ನಗಿ. ನೀವೇ ಗೆದ್ರಿ. ನಾನು ಹೆಚ್ಚು ಕೊಟ್ಟೆ, ಒಪ್ಕೊಂಡೆ. ಬೆಲೆ ತೂಗಿದ್ರಿ, ಪಿಕ್ಚರ್ ತೂಗಿದ್ರಿ, ಎಲೆ ನರ ಎಲ್ಲ ತೂಗಿದ್ರಿ. ನಿಮ್ಮಪ್ಪ ಎರಡು ವರ್ಷ ಆ ಮೂಲೇಲಿ ಕೂತು ನೆಲದ ಸದ್ದು ಕೇಳಿದ್ದನ್ನ ಯಾವ ತಟ್ಟೇಲಿ ಹಾಕಿ ತೂಗಿದ್ರಿ? ಅವರ ವಯಸ್ಸು ನಿಮ್ಮ ಬೆಲೆ ಇಳಿಯೋ ತನಕ ಕಾಯುತ್ತಾ?”

ಅವನು ಬಾಯಿ ತೆರೆದ. ಅಷ್ಟರಲ್ಲಿ ಹೊರಗಿನ ಕೋಣೆಯಿಂದ ಮಾವನ ದನಿ ಬಂತು. “ಇಬ್ರೂ ಸ್ವಲ್ಪ ಮೆಲ್ಲಗೆ ಜಗಳ ಆಡ್ರಪ್ಪ. ಇಲ್ಲಿ ನಾಯಕಿ ಏನೋ ಹೇಳ್ತಿದಾಳೆ, ಕೇಳಿಸ್ತಿಲ್ಲ.”

ಅವನು ಪತ್ರಿಕೆ ಎತ್ತಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಮಧ್ಯಾಹ್ನವಾದರೂ ಬರಲಿಲ್ಲ. ಊಟ ಆರಿತು. ಸಿಟ್ಟಿನಲ್ಲಿ ಆಡಿದ್ದು ಹೆಚ್ಚಾಯಿತೇನೋ ಅಂತ ಅವಳು ಕಿಟಕಿಯ ಹತ್ತಿರ ಹೋಗಿ ಬಂದಳು. ಆಡಿದ್ದರಲ್ಲಿ ಸುಳ್ಳೇನಿದೆ ಅಂತ ಮತ್ತೆ ಬಂದು ಕೂತಳು. ಬಿಸಿಲು ಇಳಿಯುವ ಹೊತ್ತಿಗೆ ಅವನು ಬಂದ. ಅಂಗಿ ಬೆವರಿಗೆ ಒದ್ದೆಯಾಗಿ ಬೆನ್ನಿಗಂಟಿತ್ತು, ಕೈಯಲ್ಲೊಂದು ಚೀಲ.

“ಅಂಗಡಿಗೆ ಹೋಗಿದ್ದೆ,” ಅಂದ. “ಒಂದು ವಾರದಲ್ಲಿ ಬೆಲೆ ಇಳಿಸಿದ್ರೆ ಹಿಂದಿನ ಗಿರಾಕಿ ಏನು ಪಾಪ ಮಾಡಿದ್ದ ಅಂತ ಕೇಳ್ದೆ. ವ್ಯತ್ಯಾಸ ವಾಪಸ್ ಕೊಡಲ್ಲ ಅಂದ್ರು. ಮ್ಯಾನೇಜರ್ ಕರೆಸಿ ಅಂದೆ. ಅವನು ಬಂದು ಅವನೂ ಆಗಲ್ಲ ಅಂದ. ಅಲ್ಲೇ ಸ್ಟೂಲು ಹಾಕ್ಕೊಂಡು ಕೂತೆ. ಬಂದ ಬಂದ ಗಿರಾಕಿಗೆಲ್ಲ, ‘ಸ್ವಲ್ಪ ಕಾಯಿರಿ, ಇನ್ನೂ ಇಳಿಯುತ್ತೆ’ ಅಂತ ಹೇಳ್ತಾ ಇದ್ದೆ. ನಾಲ್ಕು ಜನ ವಾಪಸ್ ಹೋದ ಮೇಲೆ ಇದನ್ನ ಕೊಟ್ಟು, ‘ದಯವಿಟ್ಟು ಹೊರಡಿ ಸಾರ್’ ಅಂದ್ರು.”

ಚೀಲದಿಂದ ಮೂರು ದೊಡ್ಡ ಕ್ಯಾಸೆಟ್ ತೆಗೆದು ಮೇಜಿನ ಮೇಲಿಟ್ಟ. ಎರಡು ಸಿನಿಮಾ, ಒಂದು ಖಾಲಿ.

ಅವಳು ಎರಡು ವರ್ಷದಲ್ಲಿ ಅವನ ‘ಕಾಯೋಣ’ ಅನ್ನುವ ಚಾಳಿಯಿಂದ ಹೊರಗಿನವರಿಗೆ ತಲೆನೋವಾದದ್ದನ್ನು ಮೊದಲ ಸಲ ಕೇಳುತ್ತಿದ್ದಳು. ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಕೈಕಾಲು ತೊಳ್ಕೊಂಡು ಬನ್ನಿ. ಊಟ ಬಿಸಿ ಮಾಡ್ತೀನಿ,” ಅಂದಳಷ್ಟೇ. ರಾಜಿ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಖಾಲಿ ಕ್ಯಾಸೆಟ್ಟಿಗೆ ಕೆಲಸ ಹುಡುಕಿದವನೂ ಅವನೇ. ಪ್ಲೇಯರಿನ ಜೊತೆ ಬಂದ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿ, ಅದು ರೆಕಾರ್ಡೂ ಮಾಡುತ್ತದೆ ಅಂತ ಕಂಡುಕೊಂಡ. ತಂಗಿಯ ಪ್ಲೇಯರನ್ನು ಹೊಸದಕ್ಕೆ ತಂತಿಯಿಂದ ಜೋಡಿಸಿ, ಮಗುವಿನ ನಾಟಕವನ್ನು ಚಿಕ್ಕದರಿಂದ ದೊಡ್ಡದಕ್ಕೆ ಇಳಿಸಿದ. ನಾದಿನಿಯನ್ನೂ ಮಗುವನ್ನೂ ಕರೆಸಿದರು. ನಾದಿನಿ ಮುಖ ಊದಿಸಿಕೊಂಡೇ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಪರದೆಯ ಮೇಲೆ ಮಗಳು ರಟ್ಟಿನ ರೆಕ್ಕೆ ಕಟ್ಟಿಕೊಂಡು ಹಕ್ಕಿಯಾಗಿ ಓಡಿ ಬಂದು, ಮಾತು ಮರೆತು, ನಿಂತಲ್ಲೇ ನಿಂತು ಅತ್ತುಬಿಟ್ಟಾಗ ಅವಳ ಮುಖ ಸಡಿಲಾಯಿತು. ಮಗು ನಾಚಿಕೆಯಿಂದ ಅತ್ತೆಯ, ಅಂದರೆ ತಕ್ಕಡಿಯ ಹೆಂಡತಿಯ, ಮಡಿಲಲ್ಲಿ ಮುಖ ಹುದುಗಿಸಿತು. “ಕ್ಯಾಮೆರಾ ಹಿಡಿದವನ ಕೈಗೆ ನಡುಕ,” ಅಂತ ಮಾವ ತೀರ್ಪು ಕೊಟ್ಟರು.

ಹೊರಡುವಾಗ ನಾದಿನಿ ಹೊಸ ಕ್ಯಾಸೆಟ್ ಎತ್ತಿಕೊಂಡಳು. “ನಂಗೆ ಇದು ಸಾಕು ಅಣ್ಣ. ಇನ್ನು ಮೇಲೆ ನಮ್ಮನೆಗೆ ಏನು ತಗೊಳ್ಳೋದಿದ್ರೂ ಅತ್ತಿಗೇನ ಕೇಳ್ತೀನಿ,” ಅಂದಳು. ಆದರೆ ಈ ಸಲ ಕಾಫಿ ಕುಡಿದು ಹೋದಳು.

ಅವರು ಹೋದ ಮೇಲೆ ಅವಳು ಲೋಟ ತೊಳೆಯುತ್ತಿದ್ದಳು. ಅವನು ಬಂದು ಒಲೆಯ ಪಕ್ಕ ನಿಂತ. “ನಾಳೆ ನಂಗೆ ಲೈಬ್ರರಿ ಬೀದೀಲೇ ತಪಾಸಣೆ ಇದೆ. ಅಪ್ಪನಿಗೆ ನಾನೇ ಕ್ಯಾಸೆಟ್ ತರ್ಲಾ?”

“ತನ್ನಿ. ಯಾವುದಾದ್ರೂ ಒಂದು ತನ್ನಿ. ಇರೋ ಬರೋದೆಲ್ಲ ತಿರುಗಿಸಿ ನೋಡಿ, ಕೊನೆಗೆ ಬರಿಗೈಲಿ ಮಾತ್ರ ಬರಬೇಡಿ.”

ಮರುದಿನ ಸಂಜೆ ಅವನು ಹೊತ್ತಿಗೆ ಸರಿಯಾಗಿ ಬಂದ. ಚೀಲದಲ್ಲಿ ಕ್ಯಾಸೆಟ್ ಇತ್ತು. ಅವಳು ಕೈಗೆತ್ತಿಕೊಂಡು ಹೆಸರು ಓದಿದಳು. ಹಿಂದಿನ ವಾರ ಇವನು ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ಕೂತಿದ್ದಾಗ ಮಾವ ನೋಡಿ ಮುಗಿಸಿದ್ದ ಸಿನಿಮಾ. ಬೈಯಲೆಂದು ಅವಳು ಬಾಯಿ ತೆರೆದಳು.

“ಯಾವುದಮ್ಮಾ ತಂದಿದಾನೆ?” ಮಾವ ಆಗಲೇ ಪರದೆ ಎಳೆದು, ಕನ್ನಡಕ ಒರೆಸಿಕೊಂಡು ಕೂತಿದ್ದರು. ಗಂಡ ಅವರ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದುಕೊಳ್ಳುತ್ತಿದ್ದ.

“ಒಳ್ಳೇದೇ ತಂದಿದಾರೆ ಮಾವ,” ಅಂದು ಅವಳು ಕ್ಯಾಸೆಟ್ಟನ್ನು ಒಳಗೆ ತಳ್ಳಿದಳು.